ಎಟುಕುವಷ್ಟು ಎತ್ತರ

"ಇಲ್ಲ ಅಂದ್ರೆ ಇಲ್ಲ," ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿ, ಮಾವ ಬಂಡೆಗೆ ಬೆನ್ನು ಕೊಟ್ಟು ಕೂತುಬಿಟ್ಟರು. "ನಾನು ಹತ್ತಿದಾಗ ಆ ಜಾಗದಲ್ಲಿ ಬೋಲ್ಟ್ ಇರಲಿಲ್ಲ. ಈಗಲೂ ಬೇಡ."

ಅರಣ್ಯಾಧಿಕಾರಿ ಸೊಸೆಯ ಮುಖ ನೋಡಿದರು. ಹೊಸ ನಿಯಮ ಬಂದ ಮೇಲೆ, ಹಗ್ಗ ಸಿಕ್ಕಿಸುವ ಒಂದೇ ಒಂದು ಬೋಲ್ಟ್ ಈ ಬಂಡೆಗೆ ಹೊಡೆಯಬೇಕಾದರೂ ಇಲಾಖೆ ಒಪ್ಪಬೇಕು; ಇಲಾಖೆ ಒಪ್ಪಬೇಕಾದರೆ ಬಂಡೆ ಹತ್ತುವ ಆ ದಾರಿಯನ್ನು ಮೊದಲು ಹತ್ತಿದವರು ಹೂಂ ಅನ್ನಬೇಕು. ಬಂಡೆ ಹತ್ತುವವರು ತಮ್ಮತಮ್ಮಲ್ಲೇ ಪಾಲಿಸುತ್ತಿದ್ದ ಮರ್ಯಾದೆ ಅದು, ಇಲಾಖೆ ಅದನ್ನೇ ನಿಯಮ ಮಾಡಿತ್ತು. ಈ ದಾರಿಯನ್ನು ಮೊದಲು ಹತ್ತಿದವರು ಮಾವ. ಊರಿಗೆಲ್ಲ ಅವರು ಹಲ್ಲಿ ಮೇಷ್ಟ್ರು. ಕೆಳಗೊಂದಿಷ್ಟು, ಮೇಲೊಂದಿಷ್ಟು ಬೋಲ್ಟ್ ಹೊಡೆದು, ನಡುವೆ ಬಂಡೆಯನ್ನು ಬೋಳಾಗಿ ಬಿಟ್ಟಿದ್ದರು. ಅಲ್ಲಿ ಕೈ ಜಾರಿದರೆ, ಹಗ್ಗ ಬಿಗಿಯುವಷ್ಟರಲ್ಲಿ ಕಾಲು ಕೆಳಗಿನ ಚಾಚುಗಲ್ಲಿಗೆ ಬಡಿದಿರುತ್ತದೆ. ಸೊಸೆಯ ಹತ್ತಿರ ಕಲಿಯುತ್ತಿದ್ದ ಹುಡುಗಿಯೊಬ್ಬಳು ಹೋದ ತಿಂಗಳು ಹಾಗೇ ಬಿದ್ದು ಕಾಲು ಮುರಿದುಕೊಂಡಿದ್ದಳು.

"ಹಾಗಿದ್ರೆ ಇರೋ ಬೋಲ್ಟನ್ನೂ ಕೀಳಿಸಿ ಈ ದಾರಿ ಮುಚ್ಚಿಸ್ತೀನಿ," ಎಂದರು ಅಧಿಕಾರಿ. "ಇನ್ನೊಬ್ಬರ ಕಾಲು ಮುರಿಯೋದನ್ನ ನೋಡ್ತಾ ಕೂರೋಕಾಗಲ್ಲ ಮೇಷ್ಟ್ರೇ."

"ಮುಚ್ಚಿಸಿ. ಧೈರ್ಯ ಇಲ್ಲದವರು ಮನೆ ಮೆಟ್ಟಿಲು ಹತ್ತಿಕೊಂಡಿರಲಿ."

ಈ ದಾರಿ ಹತ್ತಬೇಕೆಂದೇ ಸೊಸೆಯ ಹತ್ತಿರ ಕಲಿಯುವ ಹುಡುಗಿಯರು ರಜೆಯಿಡೀ ಬೆರಳು ಸವೆಸಿದ್ದರು. ಕಾಲು ಮುರಿದುಕೊಂಡವಳಂತೂ ಪಟ್ಟಿ ಬಿಚ್ಚುವ ಮೊದಲೇ, "ಅಕ್ಕಾ, ಮತ್ತೆ ಯಾವಾಗ?" ಎಂದು ಶುರು ಹಚ್ಚಿಕೊಂಡಿದ್ದಳು. ಆದರೆ ಗೋಗರೆದಷ್ಟೂ ಮಾವ ಬಿಗಿಯಾಗುತ್ತಾರೆಂಬುದು ಮದುವೆಯಾದ ಹೊಸತರಲ್ಲೇ ಅವಳಿಗೆ ಗೊತ್ತಾಗಿತ್ತು.

"ಆಯ್ತು ಮಾವ. ಹೊಡೆದವರು ನೀವು, ಕೀಳೋರೂ ನೀವೇ ಆಗಿ. ಮೇಲಿಂದ ಹಗ್ಗ ಬಿಡ್ತೀನಿ. ಮಂಡಿನೋವು ಇದ್ರೆ ಬೇಡ."

"ಮಂಡಿನೋವು ನಿಮ್ಮಪ್ಪನಿಗೆ," ಎಂದು ಮಾವ ಎದ್ದೇಬಿಟ್ಟರು.

ಹಿಂಬದಿಯ ಕಾಲುದಾರಿ ಹಿಡಿದು ಇಬ್ಬರೂ ನೆತ್ತಿಗೆ ಹೋಗಿ, ಒಂದೊಂದು ಹಗ್ಗಕ್ಕೆ ಜೋತು, ಬೋಳು ಜಾಗದವರೆಗೆ ಇಳಿದರು. ಹುಡುಗಿ ಜಾರಿದ ಸಣ್ಣ ಅಂಚಿನ ಮೇಲೆಯೇ ಸೊಸೆ ನಿಂತಳು. ಮಾವ ಪಕ್ಕದಲ್ಲಿ ತೂಗಾಡುತ್ತಾ, ಹಳೆಯ ಗೆಳೆಯನ ಭುಜ ತಟ್ಟುವಂತೆ ಮೇಲಿನ ಹಿಡಿಗಲ್ಲನ್ನು ತಟ್ಟಿದರು.

"ಇದೇ ನೋಡು. ನೀನು ನಿಂತಿರೋ ಜಾಗದಲ್ಲೇ ನಿಂತೆ, ಕೈ ಚಾಚಿದೆ, ಇದು ಸಿಕ್ತು, ಹೊರಟೆ. ಇದಕ್ಕೆಲ್ಲ ಬೋಲ್ಟ್ ಯಾಕೆ? ನೀನೇ ಚಾಚು."

ಸೊಸೆ ಚಾಚಿದಳು. ಬೆರಳ ತುದಿಗೂ ಹಿಡಿಗಲ್ಲಿಗೂ ನಡುವೆ ಒಂದು ಗೇಣು ಉಳಿಯಿತು.

"ಸರಿಯಾಗಿ ಚಾಚಮ್ಮ."

"ನನ್ನ ಕೈ ಇರೋದೇ ಇಷ್ಟು ಮಾವ."

"ಮತ್ತೆ ಇಷ್ಟು ವರ್ಷ ಹೇಗೆ ಹತ್ತಿದೆ?"

"ಹಾರಿ ಹಿಡ್ಕೋತಿದ್ದೆ."

ಮಾವ ಕೆಳಗಿನ ಚಾಚುಗಲ್ಲನ್ನು ನೋಡಿದರು, ಸೊಸೆಯನ್ನು ನೋಡಿದರು. "ಎರಡೂ ಕಾಲು ಬಿಟ್ಟು?"

"ಹೂಂ. ನನ್ನ ಹುಡುಗೀರೂ ಅಷ್ಟೇ."

"ನಾನು ಇಲ್ಲಿ ಯಾವತ್ತೂ ಹಾರಿಲ್ವಲ್ಲಮ್ಮ."

"ಹಾರೋ ಕೆಲಸ ನಿಮಗೆಲ್ಲಿ ಬಿತ್ತು? ಕೊಕ್ಕರೆ ಹಾಗಿದೀರ."

ಮಾವನಿಗೆ ನಗು ಬರಲಿಲ್ಲ. "ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಎಲ್ಲರೂ ಇದು ಧೈರ್ಯದ ದಾರಿ ಅಂತಿದ್ರು. ನನಗೇ ಧೈರ್ಯ ಸಾಲ್ದೇನೋ ಅಂದ್ಕೊಂಡಿದ್ದೆ."

ಗಾಳಿಗೆ ಹಗ್ಗಗಳು ಬಂಡೆಗೆ ಮೆಲ್ಲಗೆ ಬಡಿಯುತ್ತಿದ್ದವು. ಕೆಳಗಿನಿಂದ ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: "ಏನ್ ಮೇಷ್ಟ್ರೇ, ಕೀಳೋದೋ ಹೊಡೆಯೋದೋ?"

ಮಾವ ಸೊಸೆಯ ಸೊಂಟದಲ್ಲಿದ್ದ, ಕೈ ಜಾರದಿರಲು ಹಚ್ಚಿಕೊಳ್ಳುವ ಚಾಕ್‌ಪುಡಿಯ ಚೀಲಕ್ಕೆ ಹೆಬ್ಬೆರಳು ಅದ್ದಿದರು. "ಕೈ ಎತ್ತು. ಬೋಲ್ಟಿಗೆ ಗುರುತು ಹಾಕ್ತೀನಿ."

ಅವಳು ತುದಿಗಾಲಲ್ಲಿ ನಿಂತು, ಆದಷ್ಟೂ ಮೇಲಕ್ಕೆ ಕೈ ಚಾಚಿದಳು.

ಮಾವ ತಲೆಯಾಡಿಸಿ, ಅವಳ ಮೊಣಕೈ ಹಿಡಿದು ನಿಧಾನವಾಗಿ ಕೆಳಕ್ಕೆ ಇಳಿಸಿದರು. "ಅಷ್ಟಲ್ಲಮ್ಮ. ಹೆದರಿಕೆಯಾದಾಗ ಕೈ ಎಷ್ಟು ಮೇಲೆ ಹೋಗುತ್ತೋ, ಅಷ್ಟೇ ಎತ್ತು."