ನುಗ್ಗೆ ಬುಡದ ಇರುವೆ

ನುಗ್ಗೆ ಮರದ ಬುಡಕ್ಕೆ ಇರುವೆ ಮುತ್ತಿದ್ದನ್ನು ಕಂಡು ಚೆನ್ನಬಸಮ್ಮನ ಕೈಯಲ್ಲಿದ್ದ ಕಸಬರಿಗೆ ಅಲ್ಲೇ ನಿಂತಿತು. ಒಂದೆರಡಲ್ಲ, ಗೋಡೆಯ ಬಿರುಕಿನಿಂದ ಬುಡದವರೆಗೂ ಕಪ್ಪು ದಾರ ಎಳೆದ ಹಾಗೆ ಸಾಲು. ಗಂಡ ಹೊನ್ನೂರುಸ್ವಾಮಿ ಬೆಳಗ್ಗೆ ಎದ್ದವನೇ ಹೋಗಿ ನಿಲ್ಲುವ ಜಾಗ ಅದು. ಮನೆಗೆ ಟೈಲ್ಸ್ ಹಾಕಿದ ಶೌಚಾಲಯ ಬಂದು ವರ್ಷಗಳಾದರೂ ಆ ಮಹಾರಾಯ ನುಗ್ಗೆ ಮರದ ನೆಂಟಸ್ತನ ಬಿಟ್ಟಿರಲಿಲ್ಲ.

ಉಚ್ಚೆಗೆ ಇರುವೆ ಮುತ್ತಿದರೆ ಏನರ್ಥ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಾವನಿಗೂ ಹೀಗೇ ಆಗಿತ್ತು. ಮೊದಲು ಇರುವೆ, ಆಮೇಲೆ ಹೆಬ್ಬೆರಳಿನ ಹುಣ್ಣು, ಕೊನೆಗೆ ಮೊಣಕಾಲಿನ ಕೆಳಗೆ ಬರೀ ಪಂಚೆ. ಗಂಡನಿಗೂ ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಗಣಿ ಕಂಪನಿಯ ಡಾಕ್ಟರು ಹೇಳಿದ ದಿನವೇ ಅವಳು ಮನೆಯ ಸಕ್ಕರೆ ಡಬ್ಬಿ ತೊಳೆದು ಬೋರಲು ಹಾಕಿದ್ದಳು. ಅನ್ನ ಒಂದೇ ಸೌಟು. ಬುತ್ತಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ. ಚಹಾಕ್ಕೆ ಕಂಪ್ಲಿಯಿಂದ ಅಣ್ಣ ಗಾಳೆಪ್ಪ ಕಳಿಸುವ ಗಾಣದ ಬೆಲ್ಲ. ಇಷ್ಟು ಪಥ್ಯ ಮಾಡಿಸಿದರೂ ಇರುವೆ ಬಂದಿದೆ ಎಂದರೆ ಈ ಮನುಷ್ಯ ಹೊರಗೆ ಎಲ್ಲೋ ಬಾಯಿ ಹಾಕುತ್ತಿದ್ದಾನೆ.

ಅವತ್ತಿನಿಂದ ಮನೆಯಲ್ಲಿ ಪತ್ತೇದಾರಿ ಶುರುವಾಯಿತು. ಅಂಗಿ ಜೇಬು ತಿರುವಿ ನೋಡಿದಳು. ಯಶವಂತನಗರದ ಗಣಿಯ ಕೆಂಧೂಳು ಬಿಟ್ಟರೆ ಏನೂ ಇರಲಿಲ್ಲ. ಏನೂ ಸಿಗದಿದ್ದದ್ದೇ ಅನುಮಾನವನ್ನು ಇನ್ನಷ್ಟು ಬಲಪಡಿಸಿತು. ತಿಂದವನು ಸಿಹಿ ಕಟ್ಟಿದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆಯೇ? ಮೀಸೆ ಮೂಸಿದಳು. ಇದೇನು ಹೊಸದು ಎಂದು ಅವನು ನಕ್ಕ. ಆ ನಗುವೂ ಸರಿ ಕಾಣಲಿಲ್ಲ. ಹೊಸಪೇಟೆಯ ಮದುವೆಯೊಂದರಲ್ಲಿ ಹೋಳಿಗೆ ಬಡಿಸಲು ಬಂದಾಗ ಅವನು ಎಲೆಗೆ ಕೈ ಅಡ್ಡ ಹಿಡಿದ. ಅಷ್ಟು ಜನರೆದುರು ಬೇಡ ಎನ್ನುವವನು ಜನವಿಲ್ಲದ ಕಡೆ ಎಷ್ಟು ತಿನ್ನುತ್ತಾನೋ ಎಂದು ಅವಳಿಗೆ ತನ್ನ ಎಲೆಯ ಹೋಳಿಗೆಯೇ ರುಚಿಸಲಿಲ್ಲ.

ಅವನ ಜೊತೆ ಡಂಪರ್ ಓಡಿಸುವ ಕೊಟ್ರಯ್ಯನನ್ನು ಸಂಡೂರಿನ ಸಂತೆಯಲ್ಲಿ ಹಿಡಿದು ಕೇಳಿದಳು. ಹೊನ್ನೂರಣ್ಣ ಕ್ಯಾಂಟೀನಿನಲ್ಲಿ ಚಹಾ ಕೂಡ ಸಪ್ಪೆಯದನ್ನೇ ಕುಡಿಯುತ್ತಾರೆ, ಮಿರ್ಚಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದ. ಕೇಳಿದ ಕೂಡಲೇ ಇಷ್ಟು ಚೆನ್ನಾಗಿ ಒಪ್ಪಿಸಿದನೆಂದರೆ ಇಬ್ಬರೂ ಕೂಡಿಯೇ ಜಿಲೇಬಿ ತಿನ್ನುತ್ತಿರಬೇಕು ಎಂದುಕೊಂಡಳು.

ಸಿಟ್ಟಿನ ಅಡಿಯಲ್ಲಿ ಇದ್ದದ್ದು ಭಯವೇ. ರಾತ್ರಿ ನೀರಡಿಕೆಯಾಗಿ ಎದ್ದಾಗಲೆಲ್ಲ ಚೊಂಬು ಎತ್ತಿ ಗಟಗಟ ಕುಡಿದು, ಮಲಗಿದವನ ಕಾಲ್ಬೆರಳುಗಳನ್ನು ಮೊಬೈಲ್ ಬೆಳಕಿನಲ್ಲಿ ನೋಡುತ್ತಿದ್ದಳು. ಆ ಕಾಲು ಡಂಪರಿನ ಬ್ರೇಕಿನ ಮೇಲೆ ಇರುವವರೆಗೆ ಮನೆ ನಡೆಯುತ್ತದೆ. ಅಷ್ಟೇ ಅಲ್ಲ, ಅದು ಅವಳು ಇಷ್ಟಪಟ್ಟು ಕಟ್ಟಿಕೊಂಡವನ ಕಾಲು.

ಸೋಮವಾರ ಬೆಳಗ್ಗೆ ಅವನು ಚಹಾದ ಲೋಟ ಹಿಡಿದು ಎಂದಿನಂತೆ ಹಿತ್ತಲಿಗೆ ಹೊರಟಾಗ ಅವಳೂ ಹಿಂದೆಯೇ ಹೋದಳು.

“ಈ ಇರುವಿ ಯಾಕ ಬಂದಾವ್ರಿ?”

“ಇರುವಿಗೇನು, ಎಲ್ಲಿ ಬೇಕಾದ್ರೂ ಬರ್ತಾವ.”

“ನಿಮ್ಮಪ್ಪಗೂ ಬಂದಿದ್ವು. ಖರೇ ಹೇಳ್ರಿ, ಯಾವ ಹೋಟ್ಲಾಗ ತಿಂತೀರಿ?”

ಹೊನ್ನೂರುಸ್ವಾಮಿ ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತೇನೋ, ಲೋಟದ ಚಹಾವನ್ನು ಅವಳೆದುರೇ ನುಗ್ಗೆ ಬುಡಕ್ಕೆ ಸುರಿದುಬಿಟ್ಟ. ಇರುವೆಗಳು ಮೊದಲು ಚದುರಿ, ಆಮೇಲೆ ಊಟಕ್ಕೆ ಕರೆದವರ ಹಾಗೆ ಸುತ್ತ ಕೂಡಿದವು.

“ದಿನಾ ಇಲ್ಲೇ ಚೆಲ್ತೀನಿ,” ಎಂದ. “ಬೆಲ್ಲಾನೂ ಒಂದ, ಸಕ್ರೀನೂ ಒಂದ ಅಂತ ಡಾಕ್ಟ್ರು ಅವತ್ತ ಹೇಳಿದ್ರು. ನಿಮ್ಮಣ್ಣನ ಗಾಣದ ಬೆಲ್ಲ ಬ್ಯಾಡ ಅಂತ ನಿನಗ ಯಾರು ಹೇಳಬೇಕು?”

ಹೇಳಿದ್ದರೆ ಏನಾಗುತ್ತಿತ್ತೆಂದು ಅವಳಿಗೂ ಗೊತ್ತಿತ್ತು. ತವರಿನ ಹುಣಸೆಹಣ್ಣು ಭಾರೀ ಹುಳಿ ಎಂದಿದ್ದಕ್ಕೆ ಒಮ್ಮೆ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಆದರೂ ಸೋಲಲು ಮನಸ್ಸಿಲ್ಲದೆ ಅನುಮಾನವನ್ನು ಡಾಕ್ಟರ ಕಡೆಗೆ ತಿರುಗಿಸಿದಳು. ಹೆಸರೇ ಬೇರೆ ಬೇರೆ ಇರುವಾಗ ಎರಡೂ ಒಂದು ಹೇಗಾದೀತು? ಬಂದಿರುವುದು ಸಕ್ಕರೆ ಕಾಯಿಲೆ, ಬೆಲ್ಲದ ಕಾಯಿಲೆಯಲ್ಲವಲ್ಲ.

ಕಂಪನಿ ಬಸ್ಸಿನ ಹಾರ್ನ್ ಕೇಳಿಸಿತು. ಬುತ್ತಿ ಚೀಲ ಹೆಗಲಿಗೇರಿಸುತ್ತ ಅವನು, ಹೋದ ವಾರದ ರಕ್ತ ಪರೀಕ್ಷೆಯಲ್ಲಿ ತನ್ನ ಸಕ್ಕರೆ ಇಳಿದಿದೆ ಎಂದು ಹೇಳಿದ. ಆಮೇಲೆ ದನಿ ತಗ್ಗಿಸಿದ.

“ಅದ ಚಾ ನೀನೂ ಕುಡಿತೀಯಲ್ಲ ಚೆನ್ನಿ, ನೀನಂತೂ ಚೆಲ್ಲಂಗಿಲ್ಲ. ರಾತ್ರಿ ಎದ್ದೆದ್ದು ನೀರು ಕುಡಿಯೂದನ್ನ ನಾನೂ ನೋಡೀನಿ. ಒಮ್ಮೆ ರಕ್ತ ತೋರಿಸ್ಕೊಂಡು ಬರೂಣು ಬಾ.”

“ನನಗೇನಾಗೈತ್ರಿ? ಗುಂಡುಕಲ್ಲಿನಂಗ ಅದೀನಿ,” ಎಂದು ಗದರಿಸಿ ಕಳಿಸಿದಳು.

ಬಸ್ಸಿನ ಸದ್ದು ಅಡಗಿತು. ಒಲೆಯ ಪಕ್ಕ ಅವಳ ಪಾಲಿನ ಚಹಾ ಆರಿ ಕೆನೆಗಟ್ಟಿತ್ತು. ಅದನ್ನು ಮುಟ್ಟದೆ ಸ್ವಲ್ಪ ಹೊತ್ತು ಒಳಗೆ ಹೊರಗೆ ತಿರುಗಾಡಿದಳು. ಬಾಯಿ ಒಣಗಿತ್ತು; ನೀರು ಕುಡಿಯಲು ಚೊಂಬಿಗೆ ಕೈಹಾಕಿ, ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಬಚ್ಚಲಿಗೆ ಹೋಗಿ ಮೂತ್ರ ಮಾಡಿ ಬಂದಳು. ನೀರು ಮಾತ್ರ ಸುರಿಯಲಿಲ್ಲ. ಹಿತ್ತಲಿಗೆ ಬಂದು, ಬಚ್ಚಲ ತೂಬಿನೆದುರು ಕುಕ್ಕರುಗಾಲಲ್ಲಿ ಕೂತು, ಒದ್ದೆ ನೆಲವನ್ನೇ ನೋಡತೊಡಗಿದಳು.

ಒಂದು ಇರುವೆ ಬಂತು. ಮೂಸಿ ನೋಡಿ, ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಚೆನ್ನಬಸಮ್ಮನಿಗೆ ನೆಮ್ಮದಿಯಾಗಲಿಲ್ಲ. ಅದು ಉಳಿದವನ್ನು ಕರೆಯಲು ಹೋಗಿರಬಹುದು.