ಬಾಗಿಲು ಹಾಕುವ ದೃಶ್ಯ

"ಸತ್ತೋಳಿಗೆ ಯಾಕಪ್ಪಾ ಇಷ್ಟೊಂದು ಸಡಗರ?"

ಕೇಳಿದ್ದು ಯಾರನ್ನೂ ಅಲ್ಲ. ವೇದಿಕೆಯ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಇದ್ದದ್ದು ಒಂದು ಕನ್ನಡಿ, ಅದರೊಳಗೆ ಬಟ್ಟೆಯ ನರಿಕಿವಿಗಳನ್ನು ತಲೆಗೆ ಸಿಕ್ಕಿಸಿಕೊಂಡ ಅರೆನರೆತ ಹೆಂಗಸು. ಜಪಾನಿ ಕಾರ್ಟೂನಿನ ನರಿಯಮ್ಮನಿಗೆ ನಮ್ಮ ಭಾಷೆಯಲ್ಲಿ ದನಿ ಕೊಟ್ಟವಳು. ಕಾರ್ಟೂನ್ ಹುಚ್ಚಿನವರೆಲ್ಲ ವೇಷ ಹಾಕಿಕೊಂಡು ಸೇರುವ ಸಮ್ಮೇಳನಕ್ಕೆ ಅವಳನ್ನು ಅತಿಥಿಯಾಗಿ ಕರೆಸಿದ್ದರು. ಈಗಷ್ಟೇ ಸಭೆಯಲ್ಲಿ ಬೆಳ್ಳಿಕೂದಲಿನ ಟೋಪನ್ ಹಾಕಿ, ರಟ್ಟಿನ ಕತ್ತಿ ಹಿಡಿದ ತರುಣನೊಬ್ಬ ಎದ್ದುನಿಂತು, "ಆಂಟಿ, ಜಪಾನಿನಲ್ಲಿ ನೀವು ಶುರುವಲ್ಲೇ ಸತ್ತೋಗ್ತೀರಾ. ಇಲ್ಲಿ ಮಾತ್ರ ಯಾಕೆ ಇನ್ನೂ ಸತ್ತಿಲ್ಲ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. "ಚಾನೆಲ್‌ನೋರು ಸಾಯೋಕೆ ಬಿಡ್ಲಿಲ್ಲ ಕಣಪ್ಪಾ," ಎಂದು ಅವಳೂ ನಕ್ಕಿದ್ದಳು. ನಗು ಮುಖದಿಂದ ಇಳಿದಿತ್ತು.

ದನಿ ಮುದ್ರಿಸುವಾಗ ಮೊದಲು ಅವಳು ಹೇಳಿದ್ದು ಸಾವಿನ ಮಾತನ್ನೇ. ಅಪ್ಪ ಪದ್ಯ ಓದುವಾಗ ಪಕ್ಕದಲ್ಲಿ ಕೂತು ಕೇಳುತ್ತಲೇ ಬೆಳೆದವಳು. ಉಸಿರನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ತಾನಾಗಿ ಬಂದಿತ್ತು. ಕಾಯಿಲೆಯ ನರಿ ತಾನು ಸಾಯುವುದನ್ನು ಮರಿ ನೋಡಬಾರದೆಂದು ಹಿಮದೊಳಕ್ಕೆ ನಡೆದು ಹೋಗುವ ದೃಶ್ಯ. ಹೊಸ್ತಿಲಲ್ಲಿ ತಿರುಗಿ ನಿಂತ ನರಿಯ ಬಾಯಿ ಅಲ್ಲಾಡುವಷ್ಟು ಹೊತ್ತಿಗೆ ಸರಿಯಾಗಿ, "ನಾನಿನ್ನು ಬರಲ್ಲ ಮರಿ, ಬಾಗಿಲು ಹಾಕಿ ಮಲಕ್ಕೋ," ಎಂದಿದ್ದಳು. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗ್ ಹುಡುಗಿ ಕಣ್ಣೊರೆಸಿಕೊಂಡಿದ್ದಳು. ಚಾನೆಲ್ಲಿನವರು ಒಪ್ಪಲಿಲ್ಲ. ಮಕ್ಕಳು ನೋಡೋ ಕಾರ್ಯಕ್ರಮ, ಸಾವು ಗೀವು ಬೇಡ ಎಂದರು. ಮಾತು ಬರೆಯುವವನು ಪೆನ್ಸಿಲ್ ಕಚ್ಚುತ್ತ ಬೇರೆಯದನ್ನು ಹೊಂದಿಸಿಕೊಟ್ಟ: "ನಾನು ಬಂದೇ ಬರ್ತೀನಿ ಮರಿ, ಬಾಗಿಲು ಹಾಕಬೇಡ." ಚಿತ್ರದ ನರಿಗೇನು, ಎರಡು ಮಾತೂ ಅದರ ಬಾಯಿಗೆ ಅಚ್ಚುಕಟ್ಟಾಗಿ ಕೂತವು. ಮರಿ ಎದ್ದು ಬಾಗಿಲು ಹಾಕುವ ದೃಶ್ಯವನ್ನಷ್ಟೇ ಕತ್ತರಿಸಿ ಎಸೆಯಬೇಕಾಯಿತು.

ಬಾಗಿಲು ತಟ್ಟಿದ ಸದ್ದಾಯಿತು. ಇಸ್ತ್ರಿ ಕಾಣದ ಅಂಗಿಯ ಗಂಡಸೊಬ್ಬ, ಅವನ ಬೆನ್ನ ಹಿಂದೆ ಬಾಲ ಕಟ್ಟಿಕೊಂಡ ಪುಟ್ಟ ಹುಡುಗಿ.

"ಫೋಟೋನಾ? ಬನ್ನಿ ಬನ್ನಿ," ಎನ್ನುತ್ತ ಅವಳು ಕಿವಿಗಳನ್ನು ಸರಿಮಾಡಿಕೊಂಡಳು.

"ಫೋಟೋ ಅಲ್ಲ ಮೇಡಂ." ಅವನು ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದು ದನಿ ತಗ್ಗಿಸಿದ. "ಇವಳಮ್ಮ ಚಳಿಗಾಲದ ಶುರುವಲ್ಲಿ ತೀರಿಕೊಂಡ್ಲು. ಆವತ್ತಿಂದ ಬೀದಿಬಾಗಿಲು ಹಾಕೋಕೆ ಬಿಡ್ತಿಲ್ಲ. ನಾನು ಹಾಕಿ ಬಂದ್ರೆ ಎದ್ದು ಹೋಗಿ ತೆಗೀತಾಳೆ. ಮಲಗೋದೂ ಅಲ್ಲೇ, ಹೊಸ್ತಿಲ ಪಕ್ಕ. ಎದೆಯೆಲ್ಲ ಕಫ ಕಟ್ಟಿ ಆಸ್ಪತ್ರೆ ಸೇರಿ ಬಂದಿದ್ದಾಯ್ತು."

"ಅಯ್ಯೋ... ಮಗೂಗೆ ಹೇಳಿಲ್ವಾ?"

"ಹೇಳದೇ ಇರ್ತೀನಾ? ನಾನು ಹೇಳಿದೆ, ಅವಳಜ್ಜಿ ಹೇಳಿದ್ರು, ಡಾಕ್ಟರೂ ಹೇಳಿದ್ರು. 'ನರಿಯಮ್ಮನೇ ಬರ್ತೀನಿ ಅಂದಿದಾಳೆ, ನಿಮಗೇನು ಗೊತ್ತು' ಅಂತ ನಮ್ಮನ್ನೇ ಗದರಿಸ್ತಾಳೆ. ನಾವೆಲ್ಲ ಸುಳ್ಳುಬುರುಕರು ಅವಳ ಪಾಲಿಗೆ." ಅವನು ಕೈಮುಗಿಯುವುದೊಂದು ಬಾಕಿ. "ನೀವು ಹೇಳಿ ಮೇಡಂ. ಆ ದನೀಲೇ ಹೇಳಿ, ಬರಲ್ಲ ಅಂತ. ನಿಮ್ಮ ಮಾತಾದ್ರೆ ನಂಬ್ತಾಳೆ."

ಆಗಲ್ಲ ಎನ್ನಲು ಬಾಯಿ ತೆರೆದವಳಿಗೆ ಬಾಗಿಲ ಸಂದಿಯಿಂದ ಹುಡುಗಿಯ ಬಾಲ ಕಂಡಿತು. ಹೆಂಗಸರ ಕಿತ್ತಳೆ ಸ್ವೆಟರಿನ ತೋಳಿಗೆ ಹತ್ತಿ ತುಂಬಿದ್ದರು. ಗಂಡುಕೈಯ ಹೊಲಿಗೆ, ಅಲ್ಲಲ್ಲಿ ಹಲ್ಲು ಕಿರಿದಿತ್ತು. ಬಾಲದ ತುದಿಯಲ್ಲಿ ತೋಳಿನ ಗುಂಡಿ ಹಾಗೇ ಉಳಿದಿತ್ತು. ಯಾರ ಸ್ವೆಟರೆಂದು ಕೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಹುಡುಗಿ ಕೆಮ್ಮಿದಳು. ಆ ಪುಟ್ಟ ಎದೆಯಿಂದ ಅಷ್ಟು ಮುದಿ ಕೆಮ್ಮು!

"ಬಾ ಪುಟ್ಟಾ," ಎಂದು ಕರೆದು ಅವಳು ನೆಲದ ಮೇಲೇ ಕೂತಳು.

ಹುಡುಗಿ ಬಂದು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಿವಿಗಳನ್ನು ಹಿಡಿದು ಎಳೆದು ಪರೀಕ್ಷಿಸಿದಳು. "ನೀನೇನು ನರಿಯಮ್ಮ ಅಲ್ಲ."

"ಅಲ್ಲ. ದನಿ ಮಾತ್ರ ನನ್ನದು."

"ಹಾಗಾದ್ರೆ ಮಾತಾಡು, ನೋಡೋಣ."

ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. "ಮರೀ..."

ಹುಡುಗಿಯ ಮುಖದಲ್ಲಿ ದೀಪ ಹಚ್ಚಿದಂತಾಯಿತು. ಅಪ್ಪನ ಕಡೆ ತಿರುಗಿ, ನಾನು ಹೇಳಿರಲಿಲ್ವಾ ಎನ್ನುವ ಹಾಗೆ ನೋಡಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡ. ಇಲ್ಲಿಗೇ ನಿಲ್ಲಿಸಿಬಿಡಬೇಕು ಎಂದು ಅವಳ ಜೀವ ಬಡಿದುಕೊಂಡಿತು. ಆದರೆ ಎಂದೋ ಅಳಿಸಿಹಾಕಿದ್ದ ಮಾತು ಅದೇ ಏರಿಳಿತದಲ್ಲಿ, ಅದೇ ಉಸಿರಿನಲ್ಲಿ ನಾಲಿಗೆಗೆ ಬಂದು ನಿಂತಿತ್ತು.

"ನಾನಿನ್ನು ಬರಲ್ಲ ಮರಿ. ಬಾಗಿಲು ಹಾಕಿ ಮಲಕ್ಕೋ."

ಗೋಡೆಯಾಚೆ ಸಭೆಯಲ್ಲಿ ಯಾರ ವೇಷಕ್ಕೋ ಬಹುಮಾನ ಬಂತೆಂದು ಚಪ್ಪಾಳೆ ಬಿತ್ತು. ಹುಡುಗಿ ಅಳಲಿಲ್ಲ. ಬಾಲವನ್ನು ಮುಂದಕ್ಕೆ ಎಳೆದುಕೊಂಡು, ತುದಿಯ ಗುಂಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ನರಿಯಮ್ಮನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ಹಾಕಲ್ಲ."