ದೊಡ್ಡ ಗುರುತು

ಬಸ್ಸು ಓಡಿಸುವ ಹುಡುಗಿ ಆಸ್ಪತ್ರೆಯ ಮಂಚದ ಮೇಲೆ ಬೋರಲು ಮಲಗಿದ್ದಳು. ಬೆನ್ನಿನ ಬುಡದಲ್ಲಿ, ಪಿರ್ರೆಗಳ ನಡುವಿನ ಸೀಳು ಶುರುವಾಗುವ ಕಡೆ, ಕೂದಲು ಒಳಹೊಕ್ಕು ಕೀವು ಕಟ್ಟಿದ ಕುಳಿ. ಎರಡು ಸಲ ಕೊಯ್ದು ಸೀಳಿನ ನಡುವೆಯೇ ನೇರ ಹೊಲಿಗೆ ಹಾಕಿದ್ದರು. ಎರಡು ಸಲವೂ ಬಿಚ್ಚಿಕೊಂಡಿತ್ತು.

ಪರದೆಯ ಆಚೆ ದೊಡ್ಡ ಡಾಕ್ಟರು ಅವಳ ತಾಯಿಗೆ ವಿವರಿಸುತ್ತಿದ್ದರು. "ಈ ಸಲ ಹೊಲಿಗೆ ನಡುವೆ ಬರಲ್ಲ. ಕುಳಿ ತೆಗೆದು, ಒಂದು ಕಡೆಯ ಚರ್ಮ ಸಡಿಲ ಮಾಡಿ ಪಕ್ಕಕ್ಕೆ ಎಳೆದು ಹೊಲೀತೀನಿ. ಸಣ್ಣದೊಂದು ಗೆರೆ ಉಳಿಯುತ್ತೆ, ಅಷ್ಟೆ."

"ಸರ್, ಎರಡೂ ಪಕ್ಕಕ್ಕೆ ಹರಡಿದೆ. ಎಳೆದ್ರೆ ಬಿಗಿಯಾಗಿ ಮತ್ತೆ ಬಿಚ್ಕೊಳ್ಳುತ್ತೆ," ಎಂದಳು ಅವರ ಕೈಕೆಳಗಿನ ಕಿರಿಯ ಡಾಕ್ಟರಮ್ಮ. "ಕುಳಿಯನ್ನ ವಜ್ರದಾಕಾರಕ್ಕೆ ಕೊಯ್ದು ತೆಗೆದು, ಪಕ್ಕದ ಚರ್ಮವನ್ನ ಕೊಬ್ಬಿನ ಸಮೇತ ತಿರುಗಿಸಿ ಆ ಜಾಗಕ್ಕೆ ಕೂರಿಸಿದ್ರೆ..."

"ಅಂಗೈಯಗಲ ಗುರುತು ಬೀಳುತ್ತೆ. ಮದುವೆ ಆಗಬೇಕಾದ ಹುಡುಗಿ ಕಣಮ್ಮ."

"ಅಯ್ಯೋ ಬೇಡಿ ಡಾಕ್ಟ್ರೇ, ಸಣ್ಣದೇ ಸಾಕು," ತಾಯಿ ಅವಸರದಲ್ಲಿ ಒಪ್ಪಿಬಿಟ್ಟರು.

ಹುಡುಗಿ ಮಲಗಿದಲ್ಲಿಂದಲೇ ಕೈಚಾಚಿ ಪರದೆಯನ್ನು ಸರ್ರನೆ ಎಳೆದಳು. "ಕೊಯ್ಯೋದು ನನ್ನನ್ನ ತಾನೆ? ನನ್ನ ಹತ್ರ ಮಾತಾಡಿ."

ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿದರು. "ನಿಮ್ಮ ತಾಯಿ ಒಪ್ಪಿದ್ದಾರಲ್ಲ."

"ಸ್ಟೀರಿಂಗ್ ಹಿಂದೆ ದಿನವಿಡೀ ಕೂರೋದು ಅಮ್ಮ ಅಲ್ಲ." ಅವಳು ಕಿರಿಯ ಡಾಕ್ಟರಮ್ಮನ ಕಡೆ ಕತ್ತು ತಿರುಗಿಸಿದಳು. "ಇದು ನಿಮ್ಮ ಮೈ ಆಗಿದ್ರೆ ಯಾವುದು ಮಾಡಿಸ್ಕೋತಿದ್ರಿ ಮೇಡಂ?"

ಕಿರಿಯಳು ಒಮ್ಮೆ ದೊಡ್ಡವರ ಮುಖ ನೋಡಿದಳು. "ಕುಳಿ ಚಿಕ್ಕದಿದ್ರೆ ಸರ್ ಹೇಳಿದ್ದನ್ನೇ. ಅದೂ ಒಳ್ಳೇದೇ. ಆದ್ರೆ ನಿಮ್ಮದು ಚಿಕ್ಕದಲ್ಲ. ದೊಡ್ಡ ಗುರುತು ಬಿದ್ರೂ ಎರಡನೇದನ್ನೇ ಮಾಡಿಸ್ಕೋತಿದ್ದೆ. ಕುಳಿ ಮತ್ತೆ ಬರೋದೇ ಇಲ್ಲ ಅಂತ ಮಾತ್ರ ಮಾತು ಕೊಡೋಕಾಗಲ್ಲ."

"ನಿಜ ಹೇಳಿದ್ರಲ್ಲ, ಸಾಕು. ಅದನ್ನೇ ಮಾಡಿ. ನೀವೇ ಮಾಡಿ."

"ಇಲ್ಲಿ ಯಾರು ಏನು ಮಾಡಬೇಕು ಅಂತ ಹೇಳೋನು ನಾನು," ದೊಡ್ಡ ಡಾಕ್ಟರ ದನಿ ಏರಿತು.

"ಹೇಳಿ ಸರ್. ಒಪ್ಪಿಗೆಯ ಸಹಿ ಹಾಕೋಳು ನಾನು."

ದೊಡ್ಡ ಡಾಕ್ಟರು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು. ಆಮೇಲೆ ತಿರುಗಿ ನೋಡದೆಯೇ ಕಿರಿಯಳಿಗೆ ಹೇಳಿದರು: "ನಾಡಿದ್ದು ಬೆಳಿಗ್ಗೆ ಮೊದಲು ಇವಳನ್ನೇ ತಗೋ. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಈ ಸಲ ಹೊಲಿಗೆ ಬಿಚ್ಚಲಿಲ್ಲ. ಗಾಯ ಮಾಗಿ ಅವಳು ಮತ್ತೆ ಬಸ್ಸು ಹತ್ತಿದಳು. ಒಂದು ಸಂಜೆ ಮುಲಾಮು ಹಚ್ಚುತ್ತಿದ್ದ ತಾಯಿಯ ಬೆರಳು ಗುರುತಿನ ಅಂಚಿಗೆ ಬಂದು ನಿಂತುಬಿಟ್ಟಿತು.

"ಎಷ್ಟು ದೊಡ್ಡದೇ ಇದು! ನಾಳೆ ಕಟ್ಕೊಂಡೋನು ನೋಡಿದ್ರೆ ಏನಂತಾನೋ!"

ಹುಡುಗಿ ದಿಂಬಿನಿಂದ ಮುಖ ಎತ್ತಿದಳು.

"ಅಲ್ಲೀವರೆಗೂ ಬರೋನು ನನ್ನನ್ನ ಕೇಳ್ಕೊಂಡೇ ಬರಬೇಕಲ್ಲಮ್ಮಾ!"